ಉಷ್ಣವಲಯದ ಹಕ್ಕಿಗಳು: ಒಂದೇ ಕಾಡಿಗೆ ಮತ್ತೆ ಮತ್ತೆ ಹೋಗುವ ಕೆಲಸ

ಹಕ್ಕಿಗಳ ಅಧ್ಯಯನ ಮಾಡುತ್ತೇನೆ ಅಂದ ಕೂಡಲೇ ಜನ ಕೇಳುವ ಪ್ರಶ್ನೆ ಒಂದಿದೆ. "ಎಲ್ಲ ಹಕ್ಕಿಗೂ ಹೆಸರಿಟ್ಟಾಗಿದೆಯಲ್ಲ, ಇನ್ನೇನು ಉಳಿದಿದೆ?" ಹೆಸರಿನ ಮಟ್ಟಿಗೆ ಅದು ಹೆಚ್ಚುಕಡಿಮೆ ನಿಜ. ಪ್ರಪಂಚದಲ್ಲಿ ಸುಮಾರು 11,000 ಜಾತಿಯ ಹಕ್ಕಿಗಳಿವೆ. ಹೊಸ ಜಾತಿ ಸಿಗುವುದು ಈಗ ಅಪರೂಪ. ಆದರೆ ಹೆಸರು ಗೊತ್ತಾದರೆ ಬದುಕು ಗೊತ್ತಾದಂತೆ ಆಗುವುದಿಲ್ಲ ಅಲ್ವಾ? ಈ ಜಾತಿಗಳಲ್ಲಿ ಬಹುಪಾಲು ಇರುವುದು ಉಷ್ಣವಲಯದಲ್ಲಿ. ಅವುಗಳಲ್ಲಿ ಎಷ್ಟೋ ಹಕ್ಕಿಗಳ ಗೂಡು ಎಲ್ಲಿರುತ್ತದೆ, ಎಷ್ಟು ವರ್ಷ ಬದುಕುತ್ತವೆ, ಮಳೆಗಾಲದಲ್ಲಿ ಎಲ್ಲಿಗೆ ಹೋಗುತ್ತವೆ ಎಂಬುದು ಇನ್ನೂ ಯಾರಿಗೂ ಸರಿಯಾಗಿ ಗೊತ್ತಿಲ್ಲ.

ಇದಕ್ಕೆ ಕಾರಣವಿದೆ. ಹಕ್ಕಿಗಳ ವಿಜ್ಞಾನದ ಪಠ್ಯ ಬೆಳೆದದ್ದು ಯುರೋಪಿನಲ್ಲಿ ಮತ್ತು ಉತ್ತರ ಅಮೆರಿಕದಲ್ಲಿ. ಅಲ್ಲಿ ಕಂಡದ್ದು ನಿಯಮ ಆಯಿತು, ಉಷ್ಣವಲಯದಲ್ಲಿ ಕಂಡದ್ದು ಅಪವಾದ ಆಯಿತು. ಜಾತಿಗಳ ಲೆಕ್ಕ ಹಿಡಿದು ನೋಡಿದರೆ ಇದು ತಲೆಕೆಳಗಾದ ಮಾತು. ಉದಾಹರಣೆಗೆ ಮೊಟ್ಟೆಗಳ ಸಂಖ್ಯೆಯನ್ನೇ ತೆಗೆದುಕೊಳ್ಳಿ.

ಉತ್ತರದ ತಂಪು ದೇಶಗಳಲ್ಲಿ ಸಣ್ಣ ಹಾಡುಹಕ್ಕಿ ಒಂದು ಸಲಕ್ಕೆ ನಾಲ್ಕೈದು ಮೊಟ್ಟೆ ಇಡುತ್ತದೆ. ಉಷ್ಣವಲಯದಲ್ಲಿ ಅಷ್ಟೇ ಗಾತ್ರದ ಹಕ್ಕಿ ಇಡುವುದು ಎರಡೋ ಮೂರೋ. ಯಾಕೆ? ಬ್ರಿಟನ್ನಿನ ಡೇವಿಡ್ ಲ್ಯಾಕ್ ಕೊಟ್ಟ ಉತ್ತರ ಆಹಾರದ್ದು. ಅಪ್ಪ ಅಮ್ಮ ಎಷ್ಟು ಮರಿಗಳಿಗೆ ತಿನ್ನಿಸಬಲ್ಲವೋ ಅಷ್ಟು ಮೊಟ್ಟೆ. ಉತ್ತರದ ಬೇಸಿಗೆಯಲ್ಲಿ ಹಗಲು ಉದ್ದ, ಹುಳುಗಳೂ ಜಾಸ್ತಿ, ಹಾಗಾಗಿ ಮರಿಗಳೂ ಜಾಸ್ತಿ. ಕೋಸ್ಟರಿಕಾದ ಕಾಡಂಚಿನಲ್ಲಿ ಬದುಕುತ್ತಿದ್ದ ಅಲೆಕ್ಸಾಂಡರ್ ಸ್ಕಚ್ ಇದನ್ನು ಒಪ್ಪಲಿಲ್ಲ. ಅವರು ಓದಿದ್ದು ಸಸ್ಯವಿಜ್ಞಾನ. ಗಿಡಗಳ ಮಾದರಿ ಸಂಗ್ರಹಿಸಿ ಮಾರಿ ಜೀವನ ನಡೆಸಿದರು, ಉಳಿದ ಹೊತ್ತೆಲ್ಲ ಗೂಡುಗಳ ಮುಂದೆ ಕೂತರು. 1949ರಲ್ಲಿ ಅವರು ಬರೆದದ್ದು ಇದು: ಇಲ್ಲಿನ ಹಕ್ಕಿಗಳು ತಾವು ಸಾಕಬಲ್ಲಷ್ಟು ಮರಿ ಮಾಡುತ್ತಲೇ ಇಲ್ಲ. ಮರಿ ಜಾಸ್ತಿಯಾದರೆ ಗೂಡಿಗೆ ಓಡಾಟ ಜಾಸ್ತಿ. ಓಡಾಟ ಜಾಸ್ತಿಯಾದರೆ ಹಾವಿನ ಕಣ್ಣಿಗೆ ಗೂಡು ಬೀಳುತ್ತದೆ. ಆಮೇಲೆ ಇನ್ನೊಂದು ವಿವರಣೆಯೂ ಸೇರಿಕೊಂಡಿತು. ಉಷ್ಣವಲಯದ ಹಕ್ಕಿ ಹೆಚ್ಚು ವರ್ಷ ಬದುಕುತ್ತದೆ. ಮುಂದಿನ ವರ್ಷವೂ ಅವಕಾಶವಿದೆ ಎಂದಾದರೆ ಈ ವರ್ಷವೇ ಮೈ ಸವೆಸಬೇಕಿಲ್ಲ.

ಚರ್ಚೆ ಇನ್ನೂ ಮುಗಿದಿಲ್ಲ. ಇವತ್ತು ಪಿಎಚ್‌ಡಿ ಶುರು ಮಾಡುವವರಿಗೂ ಅದರಲ್ಲಿ ಜಾಗವಿದೆ. ನನಗೆ ಮುಖ್ಯ ಅನಿಸುವುದು ಸ್ಕಚ್ ಕೂತಿದ್ದ ಕಾಲ. ಅವರು ತೀರಿಕೊಂಡದ್ದು 2004ರಲ್ಲಿ, ನೂರು ತುಂಬಲು ಕೆಲವೇ ದಿನ ಇದ್ದಾಗ. ಆರು ದಶಕಕ್ಕೂ ಹೆಚ್ಚು ಕಾಲ ಒಂದೇ ಕಣಿವೆಯ ಹಕ್ಕಿಗಳನ್ನು ನೋಡಿದರು. ಬಂದು ಹೋಗುವವರಿಗೆ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ.

ಇನ್ನು ಕಾಡಿನೊಳಗೆ ಹೋಗೋಣ. ಪನಾಮಾ ಕಾಲುವೆ ಕಟ್ಟುವಾಗ ಚಾಗ್ರೆಸ್ ನದಿಗೆ ಅಣೆಕಟ್ಟು ಹಾಕಿದರು. ನೀರು ಏರಿ ಗಟೂನ್ ಎಂಬ ದೊಡ್ಡ ಸರೋವರ ಆಯಿತು. ಕಾಡಿನ ಒಂದು ಗುಡ್ಡದ ಸುತ್ತ ನೀರು ನಿಂತು ಅದು ದ್ವೀಪವಾಯಿತು. ಅದೇ ಬ್ಯಾರೊ ಕೊಲರಾಡೊ, ಸುಮಾರು 1,500 ಹೆಕ್ಟೇರ್. 1923ರಿಂದ ಅದು ಸಂಶೋಧನೆಗೆ ಮೀಸಲು. ಮರ ಕಡಿಯುವವರಿಲ್ಲ, ಕಾಡು ದಟ್ಟವಾಗಿಯೇ ಇತ್ತು. ಆದರೂ ಹಕ್ಕಿಗಳು ಒಂದೊಂದೇ ಜಾತಿ ಕಾಣೆಯಾದವು.

ಎಡ್ವಿನ್ ವಿಲ್ಲಿಸ್ 1960ರಿಂದ ಅಲ್ಲಿ ಇರುವೆಹಕ್ಕಿಗಳ ಹಿಂದೆ ಬಿದ್ದರು. ಈ ಹಕ್ಕಿಗಳದ್ದು ವಿಚಿತ್ರ ಬದುಕು. ಸೈನಿಕ ಇರುವೆಗಳು ಕಾಡಿನ ನೆಲದ ಮೇಲೆ ದಂಡು ಕಟ್ಟಿಕೊಂಡು ಹೊರಟಾಗ ಮಿಡತೆ, ಜೇಡ, ಜಿರಲೆ ಎಲ್ಲ ಜೀವ ಉಳಿಸಿಕೊಳ್ಳಲು ಹೊರಗೆ ಹಾರುತ್ತವೆ. ಹಕ್ಕಿಗಳು ದಂಡಿನ ಮುಂದೆ ಕೂತು ಅವನ್ನು ಹಿಡಿಯುತ್ತವೆ. ಇರುವೆಗಳನ್ನು ಅವು ಸಾಮಾನ್ಯವಾಗಿ ಮುಟ್ಟುವುದಿಲ್ಲ. ವಿಲ್ಲಿಸ್ ಹಕ್ಕಿಗಳ ಕಾಲಿಗೆ ಬಣ್ಣದ ಉಂಗುರ ಹಾಕಿ ಒಂದೊಂದನ್ನೂ ಬೇರೆಬೇರೆಯಾಗಿ ಗುರುತಿಸುತ್ತಿದ್ದರು. ಆ ಜಾತಿಗಳಲ್ಲಿ ದೊಡ್ಡದಾದ ಓಸಿಲೇಟೆಡ್ ಆ್ಯಂಟ್‌ಬರ್ಡ್ ಅವರ ಕಣ್ಣೆದುರೇ ಒಂದು ದಶಕದಲ್ಲಿ ಬೆರಳೆಣಿಕೆಗೆ ಇಳಿಯಿತು. ಆಮೇಲೆ ದ್ವೀಪದಿಂದ ಇಲ್ಲವಾಯಿತು.

ಪಕ್ಕದ ದಡದಲ್ಲಿ ಅದೇ ಹಕ್ಕಿ ಇತ್ತು. ಹಾರಿ ಬರಬಹುದಿತ್ತಲ್ಲ? ಇಲ್ಲಿ ಒಂದು ಪ್ರಯೋಗದ ಬಗ್ಗೆ ಹೇಳಲೇಬೇಕು. 2008ರಲ್ಲಿ ಪ್ರಕಟವಾದದ್ದು. ಕಾಡಿನ ಹಕ್ಕಿಗಳನ್ನು ಹಿಡಿದು ದೋಣಿಯಲ್ಲಿ ಇದೇ ಗಟೂನ್ ಸರೋವರಕ್ಕೆ ಒಯ್ದರು. ದಡದಿಂದ 100, 200, 300 ಮೀಟರ್ ದೂರದಲ್ಲಿ ಬಿಟ್ಟರು. ಕೆಲವು ಜಾತಿಗಳು ಸಲೀಸಾಗಿ ದಡ ಸೇರಿದವು. ಇನ್ನು ಕೆಲವಕ್ಕೆ 100 ಮೀಟರ್ ದಾಟುವುದೂ ಆಗಲಿಲ್ಲ. ರೆಕ್ಕೆ ಇದೆ, ಆರೋಗ್ಯ ಇದೆ, ಎದುರಿಗೆ ಕಾಡು ಕಾಣುತ್ತಿದೆ. ಆದರೂ ಹಾರಲಾರದು. ಮರದ ನೆರಳಿನಲ್ಲಿ ಕೊಂಬೆಯಿಂದ ಕೊಂಬೆಗೆ ಹಾರುತ್ತಾ ಬದುಕಿದ ವಂಶ ಅದು. ನೀವು ನಕ್ಷೆಯಲ್ಲಿ ಎರಡು ಕಾಡಿನ ನಡುವೆ ಸಣ್ಣ ಬಯಲು ಕಂಡಾಗ "ಹಕ್ಕಿ ಅಲ್ವಾ, ದಾಟಿಕೊಳ್ಳುತ್ತದೆ" ಅಂದುಕೊಳ್ಳುವ ಮೊದಲು ಈ ಪ್ರಯೋಗ ನೆನಪಿಸಿಕೊಳ್ಳಿ. ಅಣೆಕಟ್ಟು, ಹೆದ್ದಾರಿ, ವಿದ್ಯುತ್ ಮಾರ್ಗಕ್ಕೆ ಕಾಡು ಸೀಳುವ ಯೋಜನೆಗಳ ವರದಿ ಬರೆಯುವವರು ಇದನ್ನು ಓದಿರಬೇಕು ಎಂದು ನಾನು ಪ್ರತಿ ಸಲ ಹೇಳುತ್ತೇನೆ.

ಸರಿ, ಇಂಥ ಕಾಡಿನಲ್ಲಿ ಎಷ್ಟು ಹಕ್ಕಿ ಇವೆ ಅಂತ ಎಣಿಸುವುದು ಹೇಗೆ? ಮಿಸ್ಟ್ ನೆಟ್ ಎಂಬ ತೆಳ್ಳನೆಯ ಬಲೆ ಇದೆ. ಸಾಮಾನ್ಯವಾಗಿ 12 ಮೀಟರ್ ಉದ್ದ, ಎರಡೂವರೆ ಮೀಟರ್ ಎತ್ತರ. ಬೆಳಕು ಹರಿಯುವ ಮುಂಚೆ ಬಿಚ್ಚಬೇಕು, ಆಗಾಗ ಹೋಗಿ ನೋಡುತ್ತಿರಬೇಕು. ಆದರೆ ಅದರಲ್ಲಿ ಬೀಳುವುದು ನೆಲದ ಹತ್ತಿರ ಹಾರುವ ಹಕ್ಕಿಗಳು ಮಾತ್ರ. ಮರದ ತುದಿಯಲ್ಲಿ ಬದುಕುವವು ಬಲೆಯ ಲೆಕ್ಕಕ್ಕೆ ಬರುವುದೇ ಇಲ್ಲ. ಹಾಗಾಗಿ ಕಿವಿ ಬೇಕು. ಪೆರುವಿನ ಮನು ಕಾಡಿನ ಕೊಚಾ ಕಾಶು ಕೇಂದ್ರದಲ್ಲಿ ಜಾನ್ ಟೆರ್ಬೋರ್ಗ್ ಮತ್ತು ಜೊತೆಗಾರರು 97 ಹೆಕ್ಟೇರ್ ಜಾಗ ಗುರುತು ಮಾಡಿಕೊಂಡು, ಪ್ರತಿ ಜೋಡಿಯ ಸರಹದ್ದು ಎಲ್ಲಿಂದ ಎಲ್ಲಿಗೆ ಅಂತ ಹಾಡು ಕೇಳಿ ನಕ್ಷೆ ಹಾಕಿದರು. 1990ರಲ್ಲಿ ಬಂದ ಆ ಪ್ರಬಂಧದಲ್ಲಿ ಅಲ್ಲೇ ನೆಲೆಸಿದ 245 ಜಾತಿಗಳಿವೆ. ಒಂದು ಚದರ ಕಿಲೋಮೀಟರಿಗೂ ಕಡಿಮೆ ಜಾಗದಲ್ಲಿ! ಅವುಗಳಲ್ಲಿ ಎಷ್ಟೋ ಜಾತಿಗಳು ವಿರಳ. ಅಷ್ಟು ಜಾಗದಲ್ಲಿ ಒಂದೆರಡು ಜೋಡಿ ಇದ್ದರೆ ಹೆಚ್ಚು.

ಆ ತಂಡದಲ್ಲಿ ಟೆಡ್ ಪಾರ್ಕರ್ ಇದ್ದರು. ಸುಮಾರು 4,000 ಜಾತಿಗಳ ದನಿ ಅವರ ನೆನಪಿನಲ್ಲಿತ್ತು ಎನ್ನುತ್ತಾರೆ. ಮುಂಜಾನೆ ಕಾಡಲ್ಲಿ ನಿಂತು ಕೇಳಿಯೇ ಅಲ್ಲಿ ಯಾವ ಯಾವ ಹಕ್ಕಿ ಇವೆ ಅಂತ ಪಟ್ಟಿ ಮಾಡುತ್ತಿದ್ದರು. 1993ರಲ್ಲಿ ಈಕ್ವೆಡಾರಿನಲ್ಲಿ ಸಮೀಕ್ಷೆ ಮಾಡುತ್ತಿದ್ದಾಗ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ 40 ವರ್ಷ. ಅವರು ಮಾಡಿದ ಸಾವಿರಾರು ಧ್ವನಿಮುದ್ರಣಗಳು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಇವೆ, ಯಾರು ಬೇಕಾದರೂ ಕೇಳಬಹುದು. ಈಗ ಹಕ್ಕಿಯ ದನಿ ಗುರುತಿಸುವ ಆ್ಯಪ್‌ಗಳು ಬಂದಿವೆ, ಉಪಯೋಗಿಸಿ, ತಪ್ಪಿಲ್ಲ. ಆದರೆ ಅವು ಕಲಿತದ್ದು ಯಾರೋ ಮುದ್ರಿಸಿ ಹೆಸರು ಬರೆದಿಟ್ಟ ದನಿಗಳಿಂದ. ಉಷ್ಣವಲಯದ ವಿರಳ ಹಕ್ಕಿಗಳ ದನಿ ಆ ಸಂಗ್ರಹಗಳಲ್ಲಿ ಕಡಿಮೆ. ನಿಮ್ಮ ಕಿವಿ ಪಳಗದಿದ್ದರೆ ಆ್ಯಪ್ ತಪ್ಪು ಹೇಳಿದ್ದೂ ನಿಮಗೆ ಗೊತ್ತಾಗುವುದಿಲ್ಲ.

ಇಷ್ಟು ಹೊತ್ತು ಕದಲದ ಹಕ್ಕಿಗಳ ಮಾತಾಯಿತು. ಈಗ ವಲಸೆ.

ಹಕ್ಕಿ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಮೊದಲ ಗಟ್ಟಿ ಸಾಕ್ಷಿಗಳಲ್ಲಿ ಒಂದು ಸಿಕ್ಕಿದ್ದು 1822ರಲ್ಲಿ. ಜರ್ಮನಿಯ ಒಂದು ಹಳ್ಳಿಯಲ್ಲಿ ಹೊಡೆದು ಬೀಳಿಸಿದ ಕೊಕ್ಕರೆಯ ಕುತ್ತಿಗೆಯಲ್ಲಿ ಆಫ್ರಿಕಾದ ಈಟಿ ಚುಚ್ಚಿಕೊಂಡಿತ್ತು. ಅಷ್ಟು ಗಾಯ ಹೊತ್ತು ಅದು ಅಲ್ಲಿಂದ ಹಾರಿ ಬಂದಿತ್ತು. ಅದನ್ನು ಇವತ್ತಿಗೂ ರೋಸ್ಟಾಕ್ ವಿಶ್ವವಿದ್ಯಾಲಯದಲ್ಲಿ ಇಟ್ಟಿದ್ದಾರೆ. 1899ರಲ್ಲಿ ಡೆನ್ಮಾರ್ಕಿನ ಮಾರ್ಟೆನ್‌ಸನ್ ಎಂಬ ಶಾಲಾಮೇಷ್ಟ್ರು ಸ್ಟಾರ್ಲಿಂಗ್ ಹಕ್ಕಿಗಳಿಗೆ ನಂಬರು ಇರುವ ಅಲ್ಯುಮಿನಿಯಂ ಕಾಲುಂಗುರ ಹಾಕಿದರು. ಅಲ್ಲಿಂದ ಈ ಕೆಲಸಕ್ಕೆ ಒಂದು ಪದ್ಧತಿ ಬಂತು. ಭಾರತದಲ್ಲಿ ದೊಡ್ಡ ಪ್ರಮಾಣದಲ್ಲಿ ಉಂಗುರ ಹಾಕುವ ಕೆಲಸ ನಡೆದದ್ದರ ಹಿಂದೆ ಒಂದು ಕಾಯಿಲೆಯ ಕತೆ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತವು, ಜನರಿಗೂ ಜ್ವರ ಬಂತು. ನಾವು ಮಂಗನ ಕಾಯಿಲೆ ಎನ್ನುವುದು ಅದನ್ನೇ. ಅದರ ವೈರಸ್ಸು ರಷ್ಯಾದಲ್ಲಿದ್ದ ಒಂದು ವೈರಸ್ಸನ್ನು ಹೋಲುತ್ತಿತ್ತು. ಹಾಗಾದರೆ ವಲಸೆ ಹಕ್ಕಿಗಳ ಮೈಮೇಲಿನ ಉಣ್ಣೆಹುಳುಗಳ ಮೂಲಕ ಬಂದಿರಬಹುದೇ ಎಂಬ ಅನುಮಾನ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1959ರಲ್ಲಿ ಸಲೀಂ ಅಲಿ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ವಲಸೆ ಯೋಜನೆ ಶುರು ಮಾಡಿದರು. ರೋಗದ ಅನುಮಾನ ಸಾಬೀತಾಗಲಿಲ್ಲ. ಉಂಗುರ ಹಾಕಿದ ಲೆಕ್ಕದ ಪುಸ್ತಕಗಳು ಉಳಿದವು.

ಕಾಲುಂಗುರದ ಕಷ್ಟ ಏನೆಂದರೆ ಅದೇ ಹಕ್ಕಿ ಇನ್ನೊಬ್ಬರ ಕೈಗೆ ಸಿಗಬೇಕು. ಸಣ್ಣ ಹಾಡುಹಕ್ಕಿಗಳಲ್ಲಿ ಹಾಗೆ ಸಿಗುವುದು ತೀರಾ ಕಡಿಮೆ. ಜಿಯೋಲೊಕೇಟರ್ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಒಂದು ಗ್ರಾಂ ಆಸುಪಾಸಿನ ಸಾಧನ. ಅದು ದಾಖಲಿಸುವುದು ಬೆಳಕನ್ನು ಮಾತ್ರ. ಸೂರ್ಯ ಹುಟ್ಟಿದ್ದು ಎಷ್ಟು ಹೊತ್ತಿಗೆ, ಮುಳುಗಿದ್ದು ಎಷ್ಟು ಹೊತ್ತಿಗೆ ಅಂತ ಗೊತ್ತಾದರೆ ನಡುಹಗಲಿನ ಸಮಯದಿಂದ ರೇಖಾಂಶ, ಹಗಲಿನ ಉದ್ದದಿಂದ ಅಕ್ಷಾಂಶ ಲೆಕ್ಕ ಹಾಕಬಹುದು. ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಹಗಲು ರಾತ್ರಿ ಎಲ್ಲ ಕಡೆ ಸಮ ಇರುವ ದಿನಗಳ ಹತ್ತಿರ ಅಕ್ಷಾಂಶ ಕೈಕೊಡುತ್ತದೆ. ಎಷ್ಟೋ ಹಕ್ಕಿಗಳು ಪ್ರಯಾಣ ಮಾಡುವುದೂ ಆಗಲೇ! ಮತ್ತೆ, ಮಾಹಿತಿ ಸಾಧನದೊಳಗೇ ಇರುವುದರಿಂದ ಮರುವರ್ಷ ಅದೇ ಹಕ್ಕಿಯನ್ನು ಹಿಡಿಯಲೇಬೇಕು. ಇಷ್ಟಾದರೂ ಸಿಕ್ಕಿದ್ದು ಬೆರಗಿನ ಸಂಗತಿ. 2009ರಲ್ಲಿ ಬ್ರಿಜೆಟ್ ಸ್ಟಚ್‌ಬರಿ ತಂಡ ಪ್ರಕಟಿಸಿದ ಫಲಿತಾಂಶದಲ್ಲಿ ಒಂದು ಪರ್ಪಲ್ ಮಾರ್ಟಿನ್ ಅಮೆಜಾನಿನಿಂದ ಪೆನ್ಸಿಲ್ವೇನಿಯಾಕ್ಕೆ 13 ದಿನದಲ್ಲಿ ವಾಪಸ್ ಬಂದಿತ್ತು. ಹೋಗುವಾಗ ಅದಕ್ಕೆ ಒಂದು ತಿಂಗಳ ಮೇಲೆ ಬೇಕಾಗಿತ್ತು.

ದಾಖಲೆ ಹಾರಾಟಗಳು ಪತ್ರಿಕೆಯಲ್ಲಿ ಬರುತ್ತವೆ. 2022ರಲ್ಲಿ ಒಂದು ಬಾರ್‌ಟೇಲ್ಡ್ ಗಾಡ್‌ವಿಟ್ ಮರಿ ಅಲಾಸ್ಕಾದಿಂದ ಟ್ಯಾಸ್ಮೇನಿಯಾಕ್ಕೆ ಎಲ್ಲೂ ಇಳಿಯದೆ 11 ದಿನದಲ್ಲಿ ಸುಮಾರು 13,560 ಕಿಲೋಮೀಟರ್ ಹಾರಿತು. ಕೇಳಿದರೆ ಮೈ ಜುಂ ಎನ್ನುತ್ತದೆ. ಆದರೆ ನನ್ನನ್ನು ಈ ವೃತ್ತಿಯಲ್ಲಿ ಹಿಡಿದಿಟ್ಟದ್ದು ಹಾರಾಟ ಮುಗಿದ ಮೇಲಿನ ಪ್ರಶ್ನೆ. ಅಲ್ಲಿ ಹೋಗಿ ಹಕ್ಕಿ ಏನು ಮಾಡುತ್ತದೆ? ಎಷ್ಟೋ ವಲಸೆ ಹಕ್ಕಿಗಳು ಮರಿ ಮಾಡುವ ಊರಲ್ಲಿ ಇರುವುದು ಮೂರು ನಾಲ್ಕು ತಿಂಗಳು. ವರ್ಷದ ದೊಡ್ಡ ಪಾಲು ಕಳೆಯುವುದು ಉಷ್ಣವಲಯದಲ್ಲಿ. ಅವು ಇಲ್ಲಿ ಸುಮ್ನೆ ಕಾಲ ಕಳೆಯುತ್ತವೆ ಅಂತ ಬಹಳ ಕಾಲ ಅಂದುಕೊಂಡಿದ್ದರು.

ಜಮೈಕಾದ ಅಮೆರಿಕನ್ ರೆಡ್‌ಸ್ಟಾರ್ಟ್ ಈ ನಂಬಿಕೆಯನ್ನು ಅಲ್ಲಾಡಿಸಿತು. ಏಳೆಂಟು ಗ್ರಾಂ ತೂಕದ ಹಕ್ಕಿ. ಚಳಿಗಾಲದಲ್ಲಿ ಕೆಲವು ಹಕ್ಕಿಗಳು ಕಾಂಡ್ಲಾ ಕಾಡಿನಲ್ಲಿ ಇರುತ್ತವೆ, ಅಲ್ಲಿ ನೀರು ಇರುತ್ತದೆ, ಹುಳ ಸಿಗುತ್ತದೆ. ಇನ್ನು ಕೆಲವು ಪಕ್ಕದ ಒಣ ಕುರುಚಲು ಕಾಡಿನಲ್ಲಿ. ಕಾಂಡ್ಲಾದಲ್ಲಿ ಹೆಚ್ಚಾಗಿ ದೊಡ್ಡ ಗಂಡುಗಳು. ಹೆಣ್ಣುಗಳನ್ನೂ ಎಳೆಯವನ್ನೂ ಅವು ಓಡಿಸುತ್ತವೆ. ಒಣ ಕಾಡಿನಲ್ಲಿ ಉಳಿದವು ಬೇಸಿಗೆ ಹತ್ತಿರ ಬಂದಂತೆ ತೂಕ ಕಳೆದುಕೊಳ್ಳುತ್ತವೆ, ತಡವಾಗಿ ಹೊರಡುತ್ತವೆ. ಪೀಟರ್ ಮಾರಾ ಮತ್ತು ಜೊತೆಗಾರರು ಕೇಳಿದ್ದು ಮುಂದಿನ ಪ್ರಶ್ನೆ: ಈ ವ್ಯತ್ಯಾಸ ಉತ್ತರಕ್ಕೆ ಹೋದ ಮೇಲೂ ಇರುತ್ತದೆಯೇ?

ಅವರು ಉಪಯೋಗಿಸಿದ್ದು ಇಂಗಾಲದ ಐಸೋಟೋಪ್. ಒಣ ಜಾಗದ ಗಿಡಗಳಲ್ಲಿ ಇಂಗಾಲದ ಭಾರದ ರೂಪ ಮತ್ತು ಹಗುರ ರೂಪದ ಪ್ರಮಾಣ ಬೇರೆ, ತೇವದ ಜಾಗದಲ್ಲಿ ಬೇರೆ. ಗಿಡ ತಿಂದ ಹುಳಕ್ಕೆ, ಹುಳ ತಿಂದ ಹಕ್ಕಿಗೆ ಅದೇ ಗುರುತು ದಾಟುತ್ತದೆ. ಮೈಯ ಕೆಲವು ಅಂಗಾಂಶಗಳಲ್ಲಿ ಅದು ಕೆಲವು ವಾರ ಉಳಿಯುತ್ತದೆ. ನ್ಯೂ ಹ್ಯಾಂಪ್‌ಶೈರಿನ ಕಾಡಿಗೆ ಆಗ ತಾನೇ ಬಂದಿಳಿದ ಹಕ್ಕಿಯನ್ನು ಪರೀಕ್ಷಿಸಿದರೆ ಅದು ಎಂಥ ಜಾಗದಲ್ಲಿ ಚಳಿಗಾಲ ಕಳೆದಿತ್ತು ಎಂದು ಹೇಳಬಹುದು. 1998ರಲ್ಲಿ ಬಂದ ಉತ್ತರ ಸ್ಪಷ್ಟವಾಗಿತ್ತು. ಮೊದಲು ಬಂದವು ತೇವದ ಕಾಡಿನವು, ಮೈಕೈ ತುಂಬಿಕೊಂಡಿದ್ದವು. ತಡವಾಗಿ ಬಂದವು ಒಣ ಕಾಡಿನವು. ಮೊದಲು ಬಂದ ಹಕ್ಕಿಗೆ ಒಳ್ಳೆಯ ಜಾಗ, ಗೂಡಿಗೆ ಹೆಚ್ಚು ದಿನ. ಆಮೇಲೆ ಇನ್ನೊಂದು ಪ್ರಯೋಗವೂ ಆಯಿತು. ಕಾಂಡ್ಲಾ ಕಾಡಿನ ಕೆಲವು ಹಕ್ಕಿಗಳನ್ನು ತೆಗೆದು ಜಾಗ ಖಾಲಿ ಮಾಡಿದಾಗ ದುರ್ಬಲ ಹಕ್ಕಿಗಳು ಅಲ್ಲಿಗೆ ಬಂದು ಸೇರಿದವು. ಅವುಗಳ ತೂಕ ಇಳಿಯಲಿಲ್ಲ, ಪ್ರಯಾಣವೂ ಬೇಗ ಶುರುವಾಯಿತು. ಅಂದರೆ ಹಕ್ಕಿ ಹೇಗಿದೆ ಎಂಬುದರ ಜೊತೆಗೆ ಜಾಗ ಹೇಗಿದೆ ಎಂಬುದೂ ಫಲಿತಾಂಶ ತೀರ್ಮಾನಿಸುತ್ತಿತ್ತು.

ಇದರ ಅರ್ಥ ನೋಡಿ. ಉಷ್ಣವಲಯದ ಒಂದು ಕಾಂಡ್ಲಾ ತೋಪು ಕಡಿದರೆ ಮೂರು ಸಾವಿರ ಕಿಲೋಮೀಟರ್ ಆಚೆಯ ಮೇಪಲ್ ಕಾಡಿನಲ್ಲಿ ಮರಿಗಳ ಸಂಖ್ಯೆ ಇಳಿಯಬಹುದು. ಉತ್ತರ ಅಮೆರಿಕ 1970ರಿಂದೀಚೆಗೆ ಸುಮಾರು 300 ಕೋಟಿ ಹಕ್ಕಿಗಳನ್ನು ಕಳೆದುಕೊಂಡಿದೆ ಎಂದು 2019ರ ಲೆಕ್ಕ ಹೇಳಿತು. ಕಾರಣವನ್ನು ಅಲ್ಲಿ ಮಾತ್ರ ಹುಡುಕಿದರೆ ಅರ್ಧ ಸಿಗುತ್ತದೆ. ನಮ್ಮ ಕಡೆಯೂ ಇದೇ ಪ್ರಶ್ನೆ ಇದೆ. ಗ್ರೀನಿಷ್ ವಾರ್ಬ್ಲರ್ ಎಂಬ ಪುಟ್ಟ ಉಲಿಯಕ್ಕಿ ಮಧ್ಯ ಏಷ್ಯಾ, ಹಿಮಾಲಯದ ಕಡೆಯಿಂದ ದಕ್ಷಿಣ ಭಾರತದ ಕಾಡುಗಳಿಗೆ ಬಂದು, ಚಳಿಗಾಲವಿಡೀ ಒಂದೊಂದೂ ತನ್ನ ಸರಹದ್ದನ್ನು ಕೂಗಿ ಕೂಗಿ ಕಾಯುತ್ತದೆ. ಯಾರ ಪಾಲಿಗೆ ಎಂಥ ಮರ ಬಂತು ಎಂಬುದು ಅದರ ಮುಂದಿನ ಬೇಸಿಗೆಯನ್ನು ಹೇಗೆ ಬದಲಿಸುತ್ತದೆ? ಯಾರಾದರೂ ಎತ್ತಿಕೊಳ್ಳಬೇಕಾದ ಕೆಲಸ ಇದು.

ಉಷ್ಣವಲಯದ ಒಳಗೇ ನಡೆಯುವ ವಲಸೆಯ ಬಗ್ಗೆಯೂ ಒಂದೆರಡು ಮಾತು. ನವರಂಗ ಹಕ್ಕಿ ಉಪಖಂಡದ ಒಳಗೇ ಉತ್ತರ ದಕ್ಷಿಣ ಓಡಾಡುತ್ತದೆ. ಕೋಸ್ಟರಿಕಾದ ವೈಟ್‌ರಫ್ಡ್ ಮ್ಯಾನಕಿನ್ ಬೆಟ್ಟ ಇಳಿದು ಹತ್ತುತ್ತದೆ. ಹಣ್ಣು ಹುಡುಕಿಕೊಂಡು ಇಳಿಯುತ್ತದೆ ಎಂಬ ಊಹೆ ಇತ್ತು. ಆಲಿಸ್ ಬಾಯ್ಲ್ ನೋಡಿದಾಗ ಜಡಿಮಳೆಯ ಪಾತ್ರ ಕಂಡಿತು. ಬಿಡದೆ ಮಳೆ ಹೊಯ್ದರೆ ಆ ಪುಟ್ಟ ಹಕ್ಕಿಗೆ ಮೇಯಲು ಆಗುವುದಿಲ್ಲ, ಹಸಿವು ತಡೆಯುವ ಶಕ್ತಿಯೂ ಕಡಿಮೆ. ಮಳೆಯ ರೀತಿ ಬದಲಾಗುತ್ತಿರುವ ಈ ಕಾಲದಲ್ಲಿ ಇಂಥ ಓಡಾಟವನ್ನು ಇನ್ನೂ ಹೆಚ್ಚು ಜನ ನೋಡಬೇಕು.

ಈಗ ನಾನು ಇವತ್ತು ಮುಖ್ಯವಾಗಿ ಹೇಳಲು ಬಂದ ಮಾತು. ಪನಾಮಾದಲ್ಲಿ ಜೇಮ್ಸ್ ಕಾರ್ ಶುರು ಮಾಡಿದ ಲಿಂಬೊ ಎಂಬ ಜಾಗವಿದೆ. ರಕ್ಷಿತ ಕಾಡು. 1977ರಿಂದ 2020ರವರೆಗೆ ಅಲ್ಲಿ ಒಂದೇ ರೀತಿ ಬಲೆ ಹಾಕಿದರು. 57 ಜಾತಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ 40 ಜಾತಿಗಳು ಕಡಿಮೆಯಾಗಿದ್ದವು. ಅವುಗಳಲ್ಲಿ 35 ಅರ್ಧಕ್ಕಿಂತ ಜಾಸ್ತಿ ಕುಸಿದಿದ್ದವು. ಬ್ರೆಜಿಲಿನ ಮನೌಸ್ ಬಳಿ 1979ರಲ್ಲಿ ಶುರುವಾದ ಅಧ್ಯಯನದ ಜಾಗದಲ್ಲಿ, ಮಾನವ ಕೈ ಹೆಚ್ಚು ಸೋಕದ ಕಾಡಿನಲ್ಲೂ, ಹಕ್ಕಿಗಳ ಮೈತೂಕ ದಶಕದಿಂದ ದಶಕಕ್ಕೆ ಇಳಿಯುತ್ತಿರುವುದು ಗೊತ್ತಾಯಿತು. ಪೆರುವಿನ ಪಾಂಟಿಯಕೊಯಾ ಬೆಟ್ಟದಲ್ಲಿ 1985ರ ಸಮೀಕ್ಷೆಯನ್ನು 2017ರಲ್ಲಿ ಮತ್ತೆ ಮಾಡಿದಾಗ ಹಕ್ಕಿಗಳು ಮೇಲೇರಿದ್ದವು. ಬೆಟ್ಟದ ತುದಿಯಲ್ಲಿದ್ದ ಕೆಲವು ಜಾತಿಗಳು ಸಿಗಲೇ ಇಲ್ಲ. ಅವಕ್ಕೆ ಹತ್ತಲು ಮೇಲೆ ಜಾಗವಿರಲಿಲ್ಲ.

ಈ ಮೂರೂ ಕಡೆ ಮೂರು ವರ್ಷ ನೋಡಿದ್ದರೆ ಏನೂ ಕಾಣುತ್ತಿರಲಿಲ್ಲ. ಒಂದು ವರ್ಷ ಏರಿಕೆ, ಇನ್ನೊಂದು ವರ್ಷ ಇಳಿಕೆ, ಅಷ್ಟೇ. ಆದರೆ ನಮ್ಮ ವೃತ್ತಿ ನಡೆಯುವುದು ಮೂರು ವರ್ಷದ ಅನುದಾನದ ಮೇಲೆ, ಐದು ವರ್ಷದ ಪಿಎಚ್‌ಡಿ ಮೇಲೆ. ಕಾಡಿನ ನೆಲಮಟ್ಟದ ಎಷ್ಟೋ ಸಣ್ಣ ಹಕ್ಕಿಗಳು ಹತ್ತು ವರ್ಷ ದಾಟುತ್ತವೆ. ನಿಮ್ಮ ಪದವಿ ಮುಗಿದಾಗ ನೀವು ಉಂಗುರ ಹಾಕಿದ ಹಕ್ಕಿ ಇನ್ನೂ ಅದೇ ಸರಹದ್ದಿನಲ್ಲಿ ಹಾಡುತ್ತಿರಬಹುದು. "ಈ ಸಲ ಹೊಸದೇನಿದೆ?" ಎಂದು ಅನುದಾನ ಕೊಡುವವರು ಕೇಳುತ್ತಾರೆ. ಹಿಂದಿನ ವರ್ಷ ಮಾಡಿದ್ದನ್ನೇ ಈ ವರ್ಷವೂ ಮಾಡುತ್ತೇನೆ ಎಂಬುದು ಅವರಿಗೆ ಒಳ್ಳೆಯ ಉತ್ತರವಾಗಿ ಕೇಳಿಸುವುದಿಲ್ಲ. ಉಷ್ಣವಲಯದ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಉತ್ತರ ಇಲ್ಲ ಎಂದು ನಾನು ನಂಬುತ್ತೇನೆ. ಹಾಗಾಗಿ ನಾನು ವಿದ್ಯಾರ್ಥಿಗಳಿಗೆ ಹೇಳುವುದು: ಚಿಕ್ಕ ಪ್ರಶ್ನೆಗಳಿಗೆ ಅನುದಾನ ಬೇಡಿ, ಆದರೆ ಪ್ರತಿ ಸಲವೂ ಅದೇ ಜಾಗದಲ್ಲಿ ಕೇಳಿ. ದೀರ್ಘ ಲೆಕ್ಕ ಹಾಗೆಯೇ ಬೆಳೆಯುತ್ತದೆ.

ಆ ಜಾಗದಲ್ಲಿ ನಿಮಗಿಂತ ಮೊದಲೇ ಜನ ಇರುತ್ತಾರೆ. ಯಾವ ಮರದಲ್ಲಿ ಯಾವಾಗ ಹಣ್ಣು, ಯಾವ ಹಕ್ಕಿ ಯಾವ ಪೊಟರೆಗೆ ಬರುತ್ತದೆ ಎಂಬುದನ್ನು ನನಗೆ ಕಲಿಸಿದವರು ಅವರೇ. ಪ್ರಬಂಧದ ಕೊನೆಯಲ್ಲಿ ಒಂದು ಸಾಲಿನ ಕೃತಜ್ಞತೆ ಸಾಲದು. ಕೆಲಸದಲ್ಲಿ ಪಾಲಿದ್ದವರ ಹೆಸರು ಲೇಖಕರ ಸಾಲಿನಲ್ಲಿ ಬರಬೇಕು. ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಬಳಿ 2012ರಲ್ಲಿ ಅಮೂರ್ ಫಾಲ್ಕನ್‌ಗಳನ್ನು ರಾಶಿ ರಾಶಿಯಾಗಿ ಬಲೆಗೆ ಹಿಡಿಯುತ್ತಿದ್ದರು. ಮರುವರ್ಷ ಅದೇ ಊರಿನವರು ಬೇಟೆ ನಿಲ್ಲಿಸಿದರು. ಅದೇ ನವೆಂಬರಿನಲ್ಲಿ ಮೂರು ಹಕ್ಕಿಗಳಿಗೆ ಉಪಗ್ರಹ ಟ್ಯಾಗ್ ಹಾಕಿ ನಾಗಾ, ಪಾಂಗ್ತಿ, ವೋಖಾ ಎಂದು ಹೆಸರಿಟ್ಟರು. ಅವು ಅರಬ್ಬಿ ಸಮುದ್ರ ದಾಟಿ ಆಫ್ರಿಕಾ ಸೇರಿದ ದಾರಿಯನ್ನು ಜನ ದಿನವೂ ಕೇಳಿ ತಿಳಿದುಕೊಂಡರು. ಟ್ಯಾಗ್ ಕೊಟ್ಟ ಮಾಹಿತಿಯಷ್ಟೇ ಬೆಲೆ ಬೇಟೆ ನಿಲ್ಲಿಸಿದ ಊರಿನವರ ತೀರ್ಮಾನಕ್ಕೂ ಇದೆ.

ಟ್ಯಾಗ್ ಎಂದಾಗ ಒಂದು ಎಚ್ಚರಿಕೆ. ಹಕ್ಕಿಯ ತೂಕದ ಶೇಕಡಾ 3ಕ್ಕಿಂತ ಭಾರ ಹೊರಿಸಬಾರದು ಎಂಬ ವಾಡಿಕೆ ಇದೆ. ಎಂಟು ಗ್ರಾಂ ಹಕ್ಕಿಗೆ ಅದು ಕಾಲು ಗ್ರಾಂಗಿಂತ ಕಡಿಮೆ. ಪ್ರಶ್ನೆ ಎಷ್ಟೇ ಚೆನ್ನಾಗಿರಲಿ, ಸಾಧನ ಭಾರವಾದರೆ ಹಕ್ಕಿಯನ್ನು ಬಿಟ್ಟುಬಿಡಿ.

ಕೊನೆಯದಾಗಿ, ನಿಮ್ಮಲ್ಲಿ ಕೆಲವರಿಗೆ ಹಿಂದಿನವರು ಬಿಟ್ಟುಹೋದ ಜಾಗ, ಹಳೆಯ ಲೆಕ್ಕ ಸಿಗಬಹುದು. ಸಿಕ್ಕಿದರೆ ಮೊದಲ ಕೆಲಸ, ಅವರು ಬಲೆ ಹಾಕಿದ ಜಾಗ, ಹೊತ್ತು, ಬಲೆಯ ಕಣ್ಣಿನ ಅಳತೆ, ಎಷ್ಟು ಗಂಟೆ ಬಿಚ್ಚಿಟ್ಟಿದ್ದರು ಎಂಬುದನ್ನು ಹುಡುಕಿ ತೆಗೆಯಿರಿ. ಅದು ಇಲ್ಲದೆ ಹಕ್ಕಿಗಳ ಸಂಖ್ಯೆಗೆ ಅರ್ಥವಿಲ್ಲ. ಹೊಸ ಧ್ವನಿಮುದ್ರಕ ತಂದಿದ್ದೀರಿ, ಬಲೆ ಬಿಡಬೇಕು ಅಂತಿದ್ದೀರಿ ಎಂದಿಟ್ಟುಕೊಳ್ಳಿ. ಕೂಡಲೇ ಬಿಡಬೇಡಿ. ಕೆಲವು ಋತು ಎರಡನ್ನೂ ಜೊತೆಜೊತೆಗೆ ನಡೆಸಿ, ಒಂದರ ಲೆಕ್ಕ ಇನ್ನೊಂದಕ್ಕೆ ಹೇಗೆ ಹೊಂದುತ್ತದೆ ಎಂದು ಬರೆದಿಡಿ. ಮೂಲ ಟಿಪ್ಪಣಿ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಎರಡು ಬೇರೆ ಜಾಗದಲ್ಲಿ ಇಡಿ, ಒಂದು ಪ್ರತಿ ಆ ಕಾಡಿನ ಹತ್ತಿರದ ಊರಿನವರ ಬಳಿಯೂ ಇರಲಿ.